ಫೀನಿಕ್ಸ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಮರುಭೂಮಿಯ ಮಳೆ, ಒಣ ಹಳ್ಳಗಳು ಮತ್ತು ಕೌಂಟಿಯ ಪ್ರವಾಹ ಇಲಾಖೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಕಡೆಗೆ ಬರುವ ಕುಟುಂಬಗಳು ನಮ್ಮ ಸಂಘಕ್ಕೆ ಫೋನ್ ಮಾಡಿದಾಗ ಕೇಳುವುದು ಬಿಸಿಲು, ಸ್ಕೂಲು, ಬಾಡಿಗೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಇಂಥವನ್ನು. ಪ್ರವಾಹದ ಬಗ್ಗೆ ಯಾರೂ ಕೇಳುವುದಿಲ್ಲ. ಮರುಭೂಮಿಗೆ ಬರುತ್ತಿದ್ದೇವೆ, ಇಲ್ಲಿ ಪ್ರವಾಹ ಎಲ್ಲಿಂದ ಬರಬೇಕು ಅನ್ನಿಸುವುದು ಸಹಜ ಅಲ್ವಾ?

ಇಲ್ಲಿ ವರ್ಷಕ್ಕೆ ಸರಾಸರಿ 7 ಇಂಚು ಚಿಲ್ಲರೆ ಮಳೆ. ಅಂದರೆ ಸುಮಾರು 180 ಮಿಲಿಮೀಟರ್. ಬೆಂಗಳೂರಿನಲ್ಲಿ ಜೋರು ಮಳೆಯ ಒಂದು ಸೆಪ್ಟೆಂಬರ್ ತಿಂಗಳಲ್ಲೇ ಇಷ್ಟು ಸುರಿದುಬಿಡುತ್ತದೆ. ಆದರೆ 2014ರ ಸೆಪ್ಟೆಂಬರ್ 8ರಂದು ಫೀನಿಕ್ಸ್ ಏರ್‌ಪೋರ್ಟ್‌ನಲ್ಲಿ ಒಂದೇ ದಿನ 3.30 ಇಂಚು ಮಳೆ ಬಿತ್ತು. ಹೆಚ್ಚುಕಡಿಮೆ ಅರ್ಧ ವರ್ಷದ ಮಳೆ ಕೆಲವೇ ಗಂಟೆಗಳಲ್ಲಿ. ನಾರ್ಬರ್ಟ್ ಚಂಡಮಾರುತದ ಉಳಿಕೆ ತೇವ ಅದು. ಐ-10 ಹೆದ್ದಾರಿ ಕೆರೆಯಾಯಿತು, ಕಾರುಗಳು ಕಿಟಕಿವರೆಗೆ ಮುಳುಗಿ ನಿಂತವು. ಮೆಸಾದಲ್ಲಿ ಯುಎಸ್-60 ಪಕ್ಕದ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಅದೇ ವರ್ಷ ಆಗಸ್ಟ್ 19ರಂದು ಉತ್ತರದ ನ್ಯೂ ರಿವರ್ ಹತ್ತಿರ ಐ-17 ಮೇಲೆ ನೀರು ಹರಿದು ಹೆದ್ದಾರಿ ಬಂದ್ ಆಗಿತ್ತು.

ಹಾಗಂತ ಹೆದರಿಕೊಂಡು ಕೂರುವಂಥದ್ದೇನೂ ಇಲ್ಲ. ಇಲ್ಲಿ ನೀರನ್ನು ನೋಡಿಕೊಳ್ಳುವುದಕ್ಕೇ ಒಂದು ಇಲಾಖೆ ಇದೆ, ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ಅದರ ಕೆಲಸ ಎಲ್ಲಿಗೆ ನಿಲ್ಲುತ್ತದೆ, ನಿಮ್ಮ ಜವಾಬ್ದಾರಿ ಎಲ್ಲಿಂದ ಶುರು ಅನ್ನುವುದು ಗೊತ್ತಿಲ್ಲದಿದ್ದರೆ ಜೇಬಿಗೆ ಕತ್ತರಿ ಬೀಳುತ್ತದೆ. ಈ ಬರಹ ಅದರ ಬಗ್ಗೆ.

ಒಣ ನೆಲ ನೀರು ಕುಡಿಯುವುದಿಲ್ಲ

ಇಲ್ಲಿನ ಮಣ್ಣು ಬಿಸಿಲಿಗೆ ಗಟ್ಟಿಯಾಗಿರುತ್ತದೆ. ಎಷ್ಟೋ ಕಡೆ ಸ್ವಲ್ಪ ಕೆಳಗೇ ಕಲೀಚಿ ಅನ್ನುವ ಸುಣ್ಣದ ಗಟ್ಟಿ ಪದರ ಇರುತ್ತದೆ. ಗುಂಡಿ ತೋಡಲು ಹೋದವರ ಹಾರೆ ಅಲ್ಲೇ ನಿಲ್ಲುತ್ತದೆ. ಗಿಡಮರ ಕಡಿಮೆ, ಬೇರು ಕಡಿಮೆ. ಸುತ್ತ ಬೋಳು ಬೆಟ್ಟಗಳು. ಬಿದ್ದ ಮಳೆ ಇಂಗದೆ ನೇರವಾಗಿ ಓಡುತ್ತದೆ. ಒಂದು ಎಕರೆ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಬೆಟ್ಟದ ಮೇಲೆ ಸಾವಿರಾರು ಎಕರೆಯಲ್ಲಿ ಬಿದ್ದದ್ದು ಒಂದೇ ಹಳ್ಳಕ್ಕೆ ಇಳಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಆ ಒಣ ಹಳ್ಳಗಳಿಗೆ ಇಲ್ಲಿನವರು ವಾಶ್ ಅನ್ನುತ್ತಾರೆ. ಚಿತ್ರದುರ್ಗ, ಬಳ್ಳಾರಿ ಕಡೆಯವರಿಗೆ ಪರಿಚಯದ ನೋಟವೇ: ಮರಳು, ಜಾಲಿಯಂಥ ಮುಳ್ಳುಗಿಡ, ವರ್ಷದಲ್ಲಿ ಮುನ್ನೂರೈವತ್ತು ದಿನ ಒಂದು ಹನಿ ನೀರಿಲ್ಲ. ತಲೆಯ ಮೇಲೆ ಬಿಸಿಲು ಇದ್ದಾಗಲೇ, ಹತ್ತು ಮೈಲಿ ಆಚೆ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿ ಮಣ್ಣು, ಕೊಂಬೆ, ಕಲ್ಲು ಎಲ್ಲ ಹೊತ್ತುಕೊಂಡು ಬಂದುಬಿಡಬಹುದು. ಮಕ್ಕಳನ್ನು ಕರೆದುಕೊಂಡು ಹೈಕಿಂಗ್ ಹೋದಾಗ ವಾಶ್ ಒಳಗೆ ಕೂತು ಬುತ್ತಿ ಬಿಚ್ಚಬೇಡಿ. ನೆರಳು ಅಲ್ಲೇ ಇರುತ್ತದೆ, ನಿಜ. ಆದರೂ ಬೇಡ.

ಮಾನ್ಸೂನ್ ಇಲ್ಲೂ ಇದೆ. ಅಧಿಕೃತವಾಗಿ ಜೂನ್ 15ರಿಂದ ಸೆಪ್ಟೆಂಬರ್ 30. ನಮ್ಮೂರಿನ ಹಾಗೆ ದಿನಗಟ್ಟಲೆ ಜಡಿಮಳೆ ಅಲ್ಲ. ಸಂಜೆ ಧೂಳಿನ ಗೋಡೆ ಎದ್ದು ಬರುತ್ತದೆ, ಗುಡುಗುತ್ತದೆ, ಅರ್ಧ ಗಂಟೆ ಬಡಿದು ಹೋಗುತ್ತದೆ. ಪಕ್ಕದ ಬಡಾವಣೆಯಲ್ಲಿ ಒಂದು ಹನಿಯೂ ಇರುವುದಿಲ್ಲ. ಗಣೇಶ ಹಬ್ಬ ಈ ಕಾಲದಲ್ಲೇ ಬರುವುದರಿಂದ ಸಂಜೆ ಕಾರ್ಯಕ್ರಮಕ್ಕೆ ಹೊರಡುವ ಮುಂಚೆ ಒಮ್ಮೆ ಆಕಾಶ, ಒಮ್ಮೆ ಫೋನ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಚಳಿಗಾಲದ ಮಳೆ ಬೇರೆ ಥರ, ನಿಧಾನ, ಎರಡು ಮೂರು ದಿನ. 1980ರ ಫೆಬ್ರವರಿಯಲ್ಲಿ ಅಂಥ ಮಳೆಗೆ ಸಾಲ್ಟ್ ನದಿ ತುಂಬಿ ಬಂದಾಗ ಇಡೀ ನಗರದಲ್ಲಿ ಓಡಾಡಲು ಉಳಿದದ್ದು ಎರಡೇ ಸೇತುವೆ. ಜನ ನದಿ ದಾಟಿ ಕೆಲಸಕ್ಕೆ ಹೋಗಲಿ ಅಂತ ಮೆಸಾ ಮತ್ತು ಫೀನಿಕ್ಸ್ ನಡುವೆ ತಾತ್ಕಾಲಿಕ ರೈಲು ಓಡಿಸಿದ್ದರು.

ಇಲಾಖೆ ಮಾಡುವ ಕೆಲಸ

ಹೆಸರು ಫ್ಲಡ್ ಕಂಟ್ರೋಲ್ ಡಿಸ್ಟ್ರಿಕ್ಟ್ ಆಫ್ ಮ್ಯಾರಿಕೋಪಾ ಕೌಂಟಿ. ಶುರುವಾದದ್ದು 1959ರಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ. ಅದರ ಐದು ಸೂಪರ್‌ವೈಸರ್‌ಗಳೇ ಇಲಾಖೆಯ ಆಡಳಿತ ಮಂಡಳಿ. ಮನೆ ಕೊಂಡ ಮೇಲೆ ಬರುವ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಫ್ಲಡ್ ಅಂತ ಒಂದು ಸಾಲು ಕಾಣುತ್ತದಲ್ಲ, ಆ ದುಡ್ಡು ಇವರಿಗೆ ಹೋಗುತ್ತದೆ.

ಇಂಥ ಇಲಾಖೆ ಬೇಕು ಅನ್ನಿಸಿದ್ದಕ್ಕೆ ಹಳೆಯ ಕಥೆ ಇದೆ. 1921ರ ಆಗಸ್ಟ್‌ನಲ್ಲಿ ಉತ್ತರದ ಕೇವ್ ಕ್ರೀಕ್ ಹಳ್ಳ ಉಕ್ಕಿ ನೀರು ಊರೊಳಗೆ ನುಗ್ಗಿತು. ರಾಜ್ಯದ ವಿಧಾನಸೌಧದ ಕಟ್ಟಡವನ್ನೂ ಬಿಡಲಿಲ್ಲ. 1923ರ ಹೊತ್ತಿಗೆ ಅಲ್ಲೊಂದು ಅಣೆಕಟ್ಟು ಎದ್ದಿತು. ಊರು ಬೆಳೆದಂತೆ ಅದೂ ಸಾಲದಾಯಿತು, ಕೆಳಗಡೆ ಕೇವ್ ಬ್ಯೂಟ್ಸ್ ಅನ್ನುವ ದೊಡ್ಡದನ್ನು ಕಟ್ಟಿದರು.

ಈಗ ಇಲಾಖೆ ನೋಡಿಕೊಳ್ಳುವ ಅಣೆಕಟ್ಟುಗಳು 22. ಕೆಆರ್‌ಎಸ್ ಥರ ಹಿಂದೆ ತುಂಬಿದ ನೀರು ಹುಡುಕಿದರೆ ಸಿಗುವುದಿಲ್ಲ. ಇವು ಒಣ ಅಣೆಕಟ್ಟುಗಳು, ಹೆಚ್ಚಿನವು ಬರೀ ಉದ್ದನೆಯ ಮಣ್ಣಿನ ದಿಬ್ಬ. ಸರ್‌ಪ್ರೈಸ್ ಅನ್ನುವ ಊರಿನ ಕಡೆ ಮನೆ ನೋಡಲು ಹೋದರೆ ಪಶ್ಚಿಮಕ್ಕೆ ಮೈಲಿಗಟ್ಟಲೆ ಒಂದು ದಿಬ್ಬ ಕಾಣುತ್ತದೆ, ಅದು ಮೆಕ್‌ಮಿಕನ್ ಡ್ಯಾಮ್. ಮಳೆ ಬಂದಾಗ ಬೆಟ್ಟದ ನೀರು ದಿಬ್ಬದ ಹಿಂದೆ ನಿಲ್ಲುತ್ತದೆ, ಅಡಿಯ ಕೊಳವೆಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಕೆಲವು ದಿನಗಳಲ್ಲಿ ಮತ್ತೆ ಒಣ ನೆಲ. ನೀರನ್ನು ತಡೆದು ಇಟ್ಟುಕೊಳ್ಳುವುದು ಉದ್ದೇಶವೇ ಅಲ್ಲ, ಅದರ ಅವಸರ ಕಡಿಮೆ ಮಾಡುವುದಷ್ಟೇ. ಎಸ್ಆರ್-51 ಪಕ್ಕದ ಡ್ರೀಮಿ ಡ್ರಾ ಡ್ಯಾಮ್ ಕೆಳಗೆ ಹಾರುವ ತಟ್ಟೆ ಹೂತಿದ್ದಾರೆ ಅಂತ ಸ್ಥಳೀಯರು ಹೇಳುತ್ತಾರೆ. ಮಕ್ಕಳಿಗೆ ಹೇಳೋಕೆ ಚೆನ್ನಾಗಿದೆ, ಇರಲಿ.

ಈ ಮಣ್ಣಿನ ಕಟ್ಟೆಗಳಿಗೆ ಒಂದು ಇಲ್ಲಿನದೇ ಆದ ಕಾಟ ಇದೆ. ದಶಕಗಳ ಕಾಲ ಹೊಲಗಳಿಗೆ ಅಂತರ್ಜಲ ಎತ್ತಿದ್ದರಿಂದ ಕೆಲವು ಕಡೆ ನೆಲ ಕುಸಿದು ಬಿರುಕು ಬಿಟ್ಟಿದೆ. ಪೂರ್ವದ ಪವರ್‌ಲೈನ್ ಅನ್ನುವ ಕಟ್ಟೆಯ ಹತ್ತಿರವೇ ಅಂಥ ಬಿರುಕು ಕಂಡಿತ್ತು. ಬಿರುಕಿನೊಳಗೆ ನೀರು ಇಳಿದರೆ ಕಟ್ಟೆಗೇ ಅಪಾಯ. ಹಾಗಾಗಿ ಅಲ್ಲಿ ನೀರು ನಿಲ್ಲಿಸುವ ಬದಲು ಕಾಲುವೆಯಲ್ಲಿ ದಾಟಿಸುವ ದಾರಿಗೆ ಇಲಾಖೆ ಹೊರಳಿತು. ಬೋರ್‌ವೆಲ್ ಕೊರೆದೂ ಕೊರೆದೂ ಬರಿದಾದ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಅಂತರ್ಜಲದ ಸಂಕಟ ಗೊತ್ತು, ಅದರ ಈ ಮುಖ ಹೊಸದಿರಬಹುದು.

ಆಮೇಲೆ ಕಾಲುವೆಗಳು. ಇಲ್ಲಿ ಹೊಸಬರಿಗೆ ಗೊಂದಲ ಆಗುತ್ತದೆ. ಚಾಂಡ್ಲರ್, ಗಿಲ್ಬರ್ಟ್‌ನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವಾಗ ಪಕ್ಕದಲ್ಲಿ ನೀರು ತುಂಬಿ ಹರಿಯುವ ಕಾಲುವೆ ಕಂಡರೆ ಅದು ಹೆಚ್ಚಾಗಿ ಸಾಲ್ಟ್ ರಿವರ್ ಪ್ರಾಜೆಕ್ಟ್‌ನವರದು. ಕುಡಿಯುವ ನೀರು, ಹೊಲದ ನೀರು. ಪ್ರವಾಹದ ಕಾಲುವೆ ಯಾವಾಗಲೂ ಒಣಗಿ ಅಗಲವಾಗಿ ಬಿದ್ದಿರುತ್ತದೆ. ಮೆಸಾದಿಂದ ಗಿಲ್ಬರ್ಟ್, ಚಾಂಡ್ಲರ್ ಅಂಚಿನಲ್ಲಿ ಹಾದು ಗೀಲಾ ನದಿ ಸೇರುವ ಈಸ್ಟ್ ಮ್ಯಾರಿಕೋಪಾ ಫ್ಲಡ್‌ವೇ ಅಂಥದ್ದು. ಉತ್ತರದಲ್ಲಿ ಸುಮಾರು 16 ಮೈಲಿ ಉದ್ದದ ಅರಿಜೋನಾ ಕೆನಾಲ್ ಡೈವರ್ಶನ್ ಚಾನಲ್ ಇದೆ. ಬೆಟ್ಟದ ನೀರು ಹಳೆಯ ನೀರಾವರಿ ಕಾಲುವೆಗೆ ಬಡಿದು ಉಕ್ಕದ ಹಾಗೆ ಅದರ ಪಕ್ಕದಲ್ಲೇ ತೋಡಿದ್ದು. ಇನ್ನೊಂದು ತಮಾಷೆ: ಹಳೆಯ ಬಡಾವಣೆಗಳಲ್ಲಿ ಸುಡುಬಿಸಿಲಿನಲ್ಲಿ ಮನೆ ಮುಂದಿನ ಹುಲ್ಲೆಲ್ಲ ನೀರಿನಲ್ಲಿ ಮುಳುಗಿದ್ದರೆ ಗಾಬರಿ ಆಗಬೇಡಿ. ಅದು ಪ್ರವಾಹ ಅಲ್ಲ, ಸರದಿ ಪ್ರಕಾರ ಬಿಡುವ ನೀರಾವರಿ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಕಾಟ್ಸ್‌ಡೇಲ್‌ನ ಇಂಡಿಯನ್ ಬೆಂಡ್ ವಾಶ್. 1960ರ ದಶಕದಲ್ಲಿ ಅಲ್ಲಿ ದೊಡ್ಡ ಕಾಂಕ್ರೀಟ್ ಕಾಲುವೆ ಹಾಕುವ ಯೋಜನೆ ಇತ್ತು. ಊರಿನ ಜನ ಅದನ್ನು ಒಪ್ಪಲಿಲ್ಲ. ಬದಲಿಗೆ ಹಳ್ಳವನ್ನೇ ಉದ್ದಕ್ಕೂ ಪಾರ್ಕ್, ಕೆರೆ, ಗಾಲ್ಫ್ ಮೈದಾನ, ಸೈಕಲ್ ದಾರಿ ಮಾಡಿದರು. 1972ರ ಜೂನ್‌ನಲ್ಲಿ ಬಂದ ಪ್ರವಾಹ ಈ ಕೆಲಸಕ್ಕೆ ಅವಸರ ತಂದಿತು. ಈಗ 11 ಮೈಲಿ ಹಸಿರು. ಮಳೆ ಬಂದರೆ ಪಾರ್ಕ್ ಮುಳುಗುತ್ತದೆ, ಮನೆಗಳು ಉಳಿಯುತ್ತವೆ. ಕಾಂಕ್ರೀಟ್ ಗೋಡೆ ಕಟ್ಟಿದ ಮೇಲೂ ರಾಜಕಾಲುವೆ ಉಕ್ಕುವುದನ್ನು ನೋಡಿದ ಬೆಂಗಳೂರಿನವರು ಒಂದು ಸಲ ಹೋಗಿ ನೋಡಿ ಬರಬೇಕು.

ನಿಮ್ಮ ಬಡಾವಣೆಯ ತಗ್ಗು ಮೈದಾನ

ಇಲ್ಲಿನ ಹೊಸ ಬಡಾವಣೆಗಳಲ್ಲಿ ಹುಲ್ಲಿನ ಮೈದಾನ ರಸ್ತೆಗಿಂತ ನಾಲ್ಕೈದು ಅಡಿ ಕೆಳಗೆ ಇರುತ್ತದೆ. ಹುಡುಗರು ಅಲ್ಲೇ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾರೆ. ಸಿಕ್ಸರ್ ಹೊಡೆದರೆ ಬಾಲ್ ಇಳಿಜಾರಿನಲ್ಲಿ ಉರುಳಿಕೊಂಡು ವಾಪಸ್ ಬರುತ್ತದೆ. ಮೂಲೆಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಒಂದು ಗುಂಡಿ. ರಸ್ತೆ ಅಂಚಿನಿಂದ ಕಲ್ಲು ಹಾಸಿದ ಒಂದು ಸಣ್ಣ ಜಾರುದಾರಿ ಕೆಳಗಿಳಿಯುತ್ತದೆ. ಅಂದಕ್ಕೆ ಮಾಡಿದ್ದಲ್ಲ ಇದು. ಬಡಾವಣೆಯ ಮಳೆನೀರೆಲ್ಲ ಆ ಕಲ್ಲು ಹಾಸಿನ ಮೇಲೆ ಇಳಿದು ಇಲ್ಲಿ ನಿಲ್ಲಬೇಕು, ಜಾಲರಿಯ ಕೆಳಗಿನ ಒಣಬಾವಿಯ ಮೂಲಕ ನೆಲಕ್ಕೆ ಇಂಗಬೇಕು.

ನೂರು ವರ್ಷಕ್ಕೊಮ್ಮೆ ಅಂತ ಲೆಕ್ಕ ಹಾಕುವ, ಎರಡು ಗಂಟೆ ಸುರಿಯುವ ಮಳೆಯ ನೀರನ್ನು ಬಡಾವಣೆ ತನ್ನೊಳಗೇ ಹಿಡಿದುಕೊಳ್ಳಬೇಕು ಅನ್ನುವುದು ಇಲ್ಲಿನ ಸಾಮಾನ್ಯ ನಿಯಮ. ನಿಂತ ನೀರು 36 ಗಂಟೆಯೊಳಗೆ ಖಾಲಿಯಾಗಬೇಕು. ಹಾಗಾಗಿ ಮಳೆಯಾದ ಮಾರನೇ ದಿನ ಮೈದಾನದಲ್ಲಿ ನೀರಿದ್ದರೆ ಅದು ಕೆಲಸ ಮಾಡುತ್ತಿದೆ ಅಂತ. ಮೂರನೇ ದಿನವೂ ಇದ್ದರೆ ಒಣಬಾವಿ ಕಟ್ಟಿಕೊಂಡಿದೆ ಅಂತ. ಹೂಳು, ಒಣ ಹುಲ್ಲು, ಪ್ಲಾಸ್ಟಿಕ್ ಚೀಲ ಯಾವುದಾದರೂ ಆಗಿರಬಹುದು. ಆಗ ನಿಮ್ಮ ಎಚ್‌ಒಎಗೆ (ಬಡಾವಣೆಯ ಮನೆ ಮಾಲೀಕರ ಸಂಘ) ಬರೆಯಿರಿ. ಅದನ್ನು ತೆಗೆಸುವುದು ಅವರ ಕೆಲಸ, ಇಲಾಖೆಯದಲ್ಲ. ಸುಮ್ನೆ ಬಿಟ್ಟರೆ ಸೊಳ್ಳೆ ಜಾಸ್ತಿ ಆಗುತ್ತದೆ. ವೆಸ್ಟ್ ನೈಲ್ ಜ್ವರ ಇಲ್ಲಿ ನಿಜವಾದ ಸಮಸ್ಯೆ, 2021ರಲ್ಲಿ ಈ ಕೌಂಟಿಯಲ್ಲಿ ತುಂಬಾ ಜನಕ್ಕೆ ಬಂದಿತ್ತು. ನೀರು ನಿಂತಿರುವಾಗ ಮಕ್ಕಳನ್ನು ಆಡಲು ಬಿಡಬೇಡಿ. ರಸ್ತೆಯ ಎಣ್ಣೆ, ನಾಯಿ ಕಕ್ಕ ಎಲ್ಲ ತೊಳೆದು ಬಂದ ನೀರು ಅದು.

ಮನೆ ಕೊಳ್ಳುವ ಮುಂಚೆ

ಇದನ್ನು ಮಾತ್ರ ಬಿಡದೆ ಓದಿ. ಸ್ಕೂಲ್ ರೇಟಿಂಗ್ ನೋಡಲು ವಾರಗಟ್ಟಲೆ ಕೂರುತ್ತೇವೆ, ಬಾಗಿಲು ಪೂರ್ವಕ್ಕಿದೆಯಾ ಅಂತ ಕಂಪಾಸ್ ಹಿಡಿಯುತ್ತೇವೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನೋಡುವವರು ಕಡಿಮೆ.

ಇಲಾಖೆಯ ವೆಬ್‌ಸೈಟ್‌ನಲ್ಲಿ ಪ್ರವಾಹ ವಲಯದ ನಕ್ಷೆ ಇದೆ. ವಿಳಾಸ ಹಾಕಿದರೆ ಸಾಕು, ದುಡ್ಡು ಕೊಡಬೇಕಿಲ್ಲ. ಎ ಅಕ್ಷರದಿಂದ ಶುರುವಾಗುವ ಝೋನ್ ಬಂದರೆ (ಎ, ಎಇ, ಎಒ, ಎಎಚ್) ಅದು ಹೆಚ್ಚು ಅಪಾಯದ ಜಾಗ. ಬ್ಯಾಂಕ್ ಸಾಲ ತೆಗೆದುಕೊಂಡರೆ ಬಹುತೇಕ ಪ್ರವಾಹ ವಿಮೆ ಕಡ್ಡಾಯ. ಎಕ್ಸ್ ಅಂತ ಬಂದರೆ ಕಡ್ಡಾಯವಿಲ್ಲ, ಆದರೆ ನೀರು ಬರುವುದೇ ಇಲ್ಲ ಅಂತ ಅರ್ಥವೂ ಅಲ್ಲ.

ನೂರು ವರ್ಷದ ಪ್ರವಾಹ ಅಂದರೆ ಮುಂದಿನ ನೂರು ವರ್ಷ ಆರಾಮ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ ಅಂತ. ಮೂವತ್ತು ವರ್ಷದ ಸಾಲದ ಅವಧಿ ಪೂರ್ತಿ ತೆಗೆದುಕೊಂಡರೆ ಅದು ಸುಮಾರು 26 ಪರ್ಸೆಂಟ್ ಆಗುತ್ತದೆ. ನಾಲ್ಕು ಮನೆಗೆ ಒಂದು.

ಮಾಮೂಲಿ ಮನೆ ವಿಮೆ ಪ್ರವಾಹದ ನೀರಿಗೆ ಒಂದು ಪೈಸೆ ಕೊಡುವುದಿಲ್ಲ. ಛಾವಣಿ ಹಾರಿಹೋಗಿ ಮೇಲಿನಿಂದ ನೀರು ಬಂದರೆ ಒಂದು ಲೆಕ್ಕ, ಅಂಗಳದಿಂದ ಬಾಗಿಲ ಕೆಳಗೆ ಬಂದರೆ ಬೇರೆ ಲೆಕ್ಕ. ಪ್ರವಾಹ ವಿಮೆ ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಮನೆಗೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ಬಾಡಿಗೆಯವರೂ ಸಾಮಾನಿಗೆ ಮಾತ್ರ ಮಾಡಿಸಬಹುದು. ಮೋಡ ಕಂಡ ಮೇಲೆ ಫೋನ್ ಮಾಡಿದರೆ ಪ್ರಯೋಜನವಿಲ್ಲ, ಸಾಮಾನ್ಯವಾಗಿ 30 ದಿನ ಕಾಯಬೇಕು. ಮನೆ ಸಾಲದ ಜೊತೆಗೇ ಮಾಡಿಸಿದರೆ ಆ ಕಾಯುವಿಕೆ ಇಲ್ಲ. ಹಾಗಾಗಿ ಕೊಳ್ಳುವ ಹೊತ್ತಿನಲ್ಲೇ ತೀರ್ಮಾನ ಮಾಡಿ. ಬೆಟ್ಟದ ಬುಡದಲ್ಲೋ ವಾಶ್ ಪಕ್ಕದಲ್ಲೋ ಮನೆ ಇದ್ದರೆ, ಝೋನ್ ಎಕ್ಸ್ ಇದ್ದರೂ ವಿಮೆ ಮಾಡಿಸಿ ಅಂತಲೇ ನಾವು ಹೇಳುವುದು.

ನಕ್ಷೆ ಅಷ್ಟೇ ಸಾಲದು. ಅರಿಜೋನಾದ ಖರೀದಿ ಒಪ್ಪಂದದಲ್ಲಿ ಸಾಮಾನ್ಯವಾಗಿ ತಪಾಸಣೆಗೆ 10 ದಿನ ಸಿಗುತ್ತದೆ. ಆ ದಿನಗಳಲ್ಲಿ ಮನೆಯ ಸುತ್ತ ನಡೆಯಿರಿ. ಗೋಡೆಯ ಬುಡದಲ್ಲಿ ಮಣ್ಣಿನ ಗೆರೆ ಇದೆಯಾ? ಅಂಗಳದ ಇಳಿಜಾರು ಮನೆ ಕಡೆಗಿದೆಯಾ, ರಸ್ತೆ ಕಡೆಗಾ? ಮಾರುವವರು ತುಂಬಿಕೊಡುವ ಮಾಹಿತಿ ಪತ್ರದಲ್ಲಿ ನೀರು ನುಗ್ಗಿದ್ದರ ಬಗ್ಗೆ ಪ್ರಶ್ನೆಗಳಿರುತ್ತವೆ, ಅದನ್ನು ಏಜೆಂಟ್‌ಗೆ ಬಿಡದೆ ನೀವೇ ಓದಿ. ಪಕ್ಕದ ಮನೆಯವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಟಿಎಸ್‌ಎಂಸಿ ಚಿಪ್ ಕಾರ್ಖಾನೆ ಬಂದ ಮೇಲೆ ಉತ್ತರ ಫೀನಿಕ್ಸ್ ಕಡೆ ಹೊಸ ಬಡಾವಣೆಗಳು ಏಳುತ್ತಿವೆ. ಸ್ಕಂಕ್ ಕ್ರೀಕ್, ನ್ಯೂ ರಿವರ್ ಹಳ್ಳಗಳು ಹರಿಯುವುದು ಆ ಕಡೆಯಲ್ಲೇ.

ಮ್ಯಾರಿಕೋಪಾ ಅನ್ನುವ ಊರು ಮ್ಯಾರಿಕೋಪಾ ಕೌಂಟಿಯಲ್ಲಿಲ್ಲ! ಮಹಾಗಣಪತಿ ದೇವಸ್ಥಾನಕ್ಕೆ ಹತ್ತಿರ ಅಂತ ಅಲ್ಲಿ ಮನೆ ಮಾಡುವವರಿದ್ದಾರೆ. ಅದು ಪಿನಾಲ್ ಕೌಂಟಿ. ಅಲ್ಲಿನ ನಕ್ಷೆ, ಅನುಮತಿ, ದೂರು ಎಲ್ಲ ಬೇರೆ ಕಚೇರಿಯಲ್ಲಿ.

ಕರಿಬೇವು ಹಾಕುವ ಮುಂಚೆ

ಮನೆ ಬಂದ ಮೇಲೆ ಹಿತ್ತಲಿಗೆ ಕೈ ಹಾಕುತ್ತೇವೆ. ಕರಿಬೇವು, ನುಗ್ಗೆ, ಮಲ್ಲಿಗೆ ಇಲ್ಲಿ ಚೆನ್ನಾಗೇ ಬರುತ್ತವೆ. ಆದರೆ ಕಾಂಪೌಂಡ್ ಪಕ್ಕದಲ್ಲಿ ನೆಲ ಸ್ವಲ್ಪ ತಗ್ಗಾಗಿ ಮುಂಭಾಗದವರೆಗೆ ಹೋಗಿರುತ್ತದೆ, ಅದನ್ನು ಏರಿಮಣ್ಣು ಹಾಕಿ ಮುಚ್ಚಬೇಡಿ. ನೀರು ಹೋಗುವ ದಾರಿ ಅದೇ. ಕಾಂಪೌಂಡ್ ಬುಡದಲ್ಲಿ ಬಿಟ್ಟಿರುವ ತೂತುಗಳನ್ನು ಹಲ್ಲಿ, ಚೇಳು ಬರುತ್ತೆ ಅಂತ ಸಿಮೆಂಟ್ ಹಾಕಿ ಮುಚ್ಚುವವರಿದ್ದಾರೆ. ಜಾಲರಿ ಹಾಕಿ, ಮುಚ್ಚಬೇಡಿ. ಪ್ರವಾಹ ವಲಯದೊಳಗೆ ಗೋಡೆ ಕಟ್ಟುವುದು, ಮಣ್ಣು ತುಂಬಿಸುವುದು, ಶೆಡ್ ಹಾಕುವುದು ಮಾಡಬೇಕಾದರೆ ಅನುಮತಿ ಬೇಕು. ಕೆಲವು ನಗರಗಳು ಅದನ್ನು ತಾವೇ ಕೊಡುತ್ತವೆ, ಕೆಲವು ಕೌಂಟಿ ಇಲಾಖೆಗೇ ವಹಿಸಿವೆ. ಮೊದಲು ನಗರದ ಕಚೇರಿಗೆ ಕೇಳಿ, ಅವರೇ ದಾರಿ ತೋರಿಸುತ್ತಾರೆ. ವಾಶ್ ನಿಮ್ಮ ಜಾಗದೊಳಗೇ ಹಾದುಹೋಗಿದ್ದರೆ ಅದರ ಕಸ ತೆಗೆಯುವುದು ಬಹುತೇಕ ನಿಮ್ಮ ಪಾಲಿನದೇ.

ಕಾರಿನಲ್ಲಿ ಹೋಗುವಾಗ

ಮಳೆಯಲ್ಲಿ ಇಲ್ಲಿ ಸಾಯುವವರಲ್ಲಿ ಕಾರಿನಲ್ಲಿದ್ದವರೇ ಜಾಸ್ತಿ. ಎಷ್ಟೋ ರಸ್ತೆಗಳು ವಾಶ್ ಮೇಲೆ ಸೇತುವೆ ಇಲ್ಲದೆ ಹಳ್ಳಕ್ಕೇ ಇಳಿದು ಆಚೆ ಹತ್ತುತ್ತವೆ. ಓಡುವ ನೀರು ಆರು ಇಂಚು ಇದ್ದರೆ ಮನುಷ್ಯ ಬೀಳುತ್ತಾನೆ, ಒಂದು ಅಡಿಗೆ ಸಣ್ಣ ಕಾರು ತೇಲುತ್ತದೆ, ಎರಡು ಅಡಿಗೆ ಎಸ್‌ಯುವಿ ಕೂಡ ಹೋಗುತ್ತದೆ. ಕಂದು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ.

ಅಡ್ಡಗಟ್ಟೆ ಇಟ್ಟಿದ್ದರೂ ಪಕ್ಕದಿಂದ ನುಗ್ಗಿ ಸಿಕ್ಕಿಹಾಕಿಕೊಂಡರೆ, ಕಾಪಾಡಿದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡುವ ಕಾನೂನು ಅರಿಜೋನಾದಲ್ಲಿ 1995ರಿಂದ ಇದೆ. 2,000 ಡಾಲರ್‌ವರೆಗೆ. ಜನ ಅದನ್ನು ಕರೆಯುವುದು ಸ್ಟುಪಿಡ್ ಮೋಟರಿಸ್ಟ್ ಲಾ ಅಂತ. ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ಬುಲೆಟ್ ಓಡಿಸಿದ ಧೈರ್ಯ ಇಲ್ಲಿ ತೋರಿಸಬೇಡಿ.

ಇಲಾಖೆಯವರು ಕೌಂಟಿಯ ಉದ್ದಗಲಕ್ಕೂ ನೂರಾರು ಮಳೆಮಾಪಕ, ಹಳ್ಳದ ನೀರಿನ ಮಟ್ಟ ಅಳೆಯುವ ಯಂತ್ರ ನೆಟ್ಟಿದ್ದಾರೆ. ಮಾಹಿತಿ ರೇಡಿಯೋ ಮೂಲಕ ತಕ್ಷಣ ಬರುತ್ತದೆ, ಹವಾಮಾನ ಇಲಾಖೆಗೂ ಹೋಗುತ್ತದೆ. ವೆಬ್‌ಸೈಟ್‌ನಲ್ಲಿ ನೀವೂ ನೋಡಬಹುದು. ನಿಮ್ಮ ಮನೆಗಿಂತ ಮೇಲಿನ ಬೆಟ್ಟದಲ್ಲಿ ಈ ಕ್ಷಣ ಎಷ್ಟು ಸುರಿಯುತ್ತಿದೆ ಅಂತ ಗೊತ್ತಾಗುತ್ತದೆ. ಫೋನ್ ಕಿರಿಚುವ ಎಚ್ಚರಿಕೆಯನ್ನು ಕಿರಿಕಿರಿ ಅಂತ ಆಫ್ ಮಾಡಿ ಇಡಬೇಡಿ. ಊರಿಂದ ಬಂದ ಅಪ್ಪ ಅಮ್ಮನ ಫೋನಿನಲ್ಲೂ ಆನ್ ಇದೆಯಾ ನೋಡಿ, ಆ ಸದ್ದು ಯಾಕೆ ಬರುತ್ತದೆ ಅಂತ ಮೊದಲೇ ಹೇಳಿಡಿ. ಅದು ಕೇಳಿ ಬಾಗಿಲು ತೆಗೆದು ಹೊರಗೆ ಓಡಿದ ಹಿರಿಯರಿದ್ದಾರೆ. ಬೆಟ್ಟದಲ್ಲಿ ಕಾಡ್ಗಿಚ್ಚು ಬಿದ್ದ ವರ್ಷ ಕೆಳಗಿನ ಹಳ್ಳಗಳ ಬಗ್ಗೆ ಎರಡು ಪಟ್ಟು ಎಚ್ಚರ ಬೇಕು. ಸುಟ್ಟ ನೆಲದಿಂದ ನೀರು ಇನ್ನೂ ಬೇಗ ಇಳಿಯುತ್ತದೆ, ಬೂದಿ ಕೆಸರಿನ ಸಮೇತ.

ಯಾರಿಗೆ ಫೋನ್ ಮಾಡಬೇಕು

ಪ್ರಾಣಕ್ಕೆ ಅಪಾಯ ಇದ್ದರೆ 911. ಹೆದ್ದಾರಿ ಮುಚ್ಚಿದೆಯಾ ಅಂತ ತಿಳಿಯಲು 511. ನಗರದ ಬೀದಿಯ ಚರಂಡಿ ಕಟ್ಟಿದ್ದರೆ ನಗರದ ಸಾರ್ವಜನಿಕ ಕಾಮಗಾರಿ ವಿಭಾಗ. ಬಡಾವಣೆ ಮೈದಾನಕ್ಕೆ ಎಚ್‌ಒಎ. ದೊಡ್ಡ ಕಾಲುವೆ, ಅಣೆಕಟ್ಟು, ಅದರ ಬೇಲಿ ಮುರಿದದ್ದು, ಯಾರೋ ಕಸ ಸುರಿದದ್ದು ಇವಕ್ಕೆ ಕೌಂಟಿಯ ಪ್ರವಾಹ ಇಲಾಖೆ. ನಿಂತ ನೀರಿನ ಸೊಳ್ಳೆಗೆ ಕೌಂಟಿಯದೇ ಇನ್ನೊಂದು ವಿಭಾಗವಾದ ವೆಕ್ಟರ್ ಕಂಟ್ರೋಲ್. ಪಕ್ಕದ ಮನೆಯವರು ಗೋಡೆ ಏರಿಸಿ ನಿಮ್ಮ ಕಡೆ ನೀರು ತಿರುಗಿಸಿದ್ದರೆ ಮೊದಲು ಮಾತಾಡಿ ನೋಡಿ, ಆಮೇಲೆ ನಗರಕ್ಕೆ ಬರೆಯಿರಿ. ಅಂಥ ಜಗಳಗಳಲ್ಲಿ ಇಲಾಖೆ ಸಾಮಾನ್ಯವಾಗಿ ತಲೆ ಹಾಕುವುದಿಲ್ಲ.

ಮಳೆಗಾಲದಲ್ಲಿ ಹಲವು ನಗರಗಳು ಮರಳು ಚೀಲ ಪುಕ್ಕಟೆ ಕೊಡುತ್ತವೆ, ಹೆಚ್ಚಾಗಿ ಫೈರ್ ಸ್ಟೇಷನ್‌ಗಳಲ್ಲಿ. ತುಂಬುವುದು ನೀವೇ, ಹಾಗಾಗಿ ಸಲಿಕೆ ತೆಗೆದುಕೊಂಡು ಹೋಗಿ. ಜೂನ್‌ನಲ್ಲೇ ತಂದಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ನೆರಳಿಗೆ ಇಡಿ, ಇಲ್ಲಿನ ಬಿಸಿಲಿಗೆ ಆ ಚೀಲಗಳು ಬೇಗ ಪುಡಿಯಾಗುತ್ತವೆ. ನೀರು ಒಳಗೆ ಬಂದೇಬಿಟ್ಟರೆ, ಒರೆಸುವ ಮುಂಚೆ ಎಲ್ಲ ಕೋಣೆಗಳ ಫೋಟೋ, ಗೋಡೆಯ ಮೇಲೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನುವ ಫೋಟೋ ತೆಗೆದು ವಿಮೆಯವರಿಗೆ ಕಳಿಸಿ. ಪಾಸ್‌ಪೋರ್ಟ್, ಐ-797 (ವಲಸೆ ಇಲಾಖೆಯ ಪತ್ರ), ಮಕ್ಕಳ ಜನನ ಪ್ರಮಾಣಪತ್ರಗಳನ್ನು ಬೀರುವಿನ ಕೆಳಗಿನ ಖಾನೆಯಲ್ಲಿ ಇಡಬೇಡಿ, ಮೇಲಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಡಿ.